ತೂತಿನ ಉಸ್ತಾದ

ಆ ಫೋರಮ್ಮಿನಲ್ಲಿ ಇವತ್ತಿಗೂ ನನ್ನ ಹೆಸರಿನ ಕೆಳಗೆ ಒಂದು ಬಿರುದಿದೆ. ಇಂಗ್ಲಿಷಿನಲ್ಲಿ ಕೇಳಲು ಘನವಾಗಿದೆ. ನಮ್ಮ ಜಹೀರಾಬಾದಿನ ಮಾತಿಗೆ ತಂದರೆ ತೂತಿನ ಉಸ್ತಾದ ಅಂತಾಗುತ್ತದೆ. ಕೊಟ್ಟವನು ಹಿಮ ಬೀಳುವ ಯಾವುದೋ ದೇಶದ ಮುದುಕ, ಆ ಫೋರಮ್ಮಿನ ಮೇಲ್ವಿಚಾರಕ. ಅದನ್ನು ತೆಗೆದುಬಿಡಿ ಎಂದು ಒಮ್ಮೆ ಬರೆದೆ. ನಗುವ ಮುಖದ ಚಿತ್ರ ಕಳಿಸಿ ಸುಮ್ಮನಾದ. ನನಗೆ ತೂತು ಹಾಕಲು ಬರುವುದಿಲ್ಲ. ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ನಾನು ಎಕ್ಸ್-ರೇ ತೆಗೆಯುವವನು. ಮೊದಲು ನಾರಾಯಣಖೇಡದಲ್ಲಿ, ಆಮೇಲೆ ಜಹೀರಾಬಾದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಇಲ್ಲಿ ಕಂಪ್ಯೂಟರಿನ ಎಕ್ಸ್-ರೇ ಬಂದ ಮೇಲೆ ಹಳೆಯ ಫಿಲ್ಮಿನ ಡಬ್ಬಗಳು, ಅದನ್ನು ತೊಳೆಯುವ ಪುಡಿ, ಕೆಂಪು ದೀಪದ ಕತ್ತಲೆ ಕೋಣೆ ಯಾರಿಗೂ ಬೇಡವಾದವು. "ಬೇಕಾದ್ರ ಇಟ್ಕೋ, ಇಲ್ಲಾಂದ್ರ ಒಗದ್ಬಿಡು" ಎಂದರು ಡಾಕ್ಟರು. ನಾನು ಇಟ್ಟುಕೊಂಡೆ. ವರ್ಷಗಟ್ಟಲೆ ಮುರಿದ ಎಲುಬು, ಕಫ ತುಂಬಿದ ಎದೆ ತೆಗೆದು ಬೇಸತ್ತಿದ್ದೆ. ನಾನು ತೆಗೆದದ್ದನ್ನು ಜನ ಬೆಳಕಿಗೆ ಹಿಡಿದು ರೋಗ ಹುಡುಕಬಾರದು, ಸುಮ್ಮನೆ ನೋಡಬೇಕು ಎಂಬ ಹುಚ್ಚು ಹಿಡಿಯಿತು. ಸೂಜಿತೂತಿನ ಕ್ಯಾಮೆರಾದ ವಿಷಯ ಓದಿದ್ದು ಆ ದಿನಗಳಲ್ಲಿ.

ಅದಕ್ಕೆ ಲೆನ್ಸ್ ಇಲ್ಲ. ಒಳಗೆಲ್ಲ ಕಪ್ಪು ಬಳಿದ ಡಬ್ಬಿ, ಒಂದು ಬದಿಯಲ್ಲಿ ಸೂಜಿಮೊನೆಯಷ್ಟು ತೂತು, ಎದುರು ಬದಿಗೆ ಫಿಲ್ಮು. ತೂತಿನ ಮೇಲಿನ ಪಟ್ಟಿ ತೆಗೆದು, ಬಿಸಿಲಿದ್ದರೆ ಹತ್ತು ಎಣಿಸಿ, ಮೋಡವಿದ್ದರೆ ಅರವತ್ತು ಎಣಿಸಿ, ಮತ್ತೆ ಮುಚ್ಚಿದರೆ ಆಯಿತು. ಡಬ್ಬಿ ಯಾವುದಾದರೂ ನಡೆಯುತ್ತದೆ, ನನ್ನದು ಚಹಾಪುಡಿಯದು. ತೂತು ಮಾತ್ರ ಹೇಗೆ ಹೇಗೋ ಇದ್ದರೆ ನಡೆಯುವುದಿಲ್ಲ. ತಂಪು ಪಾನೀಯದ ಡಬ್ಬಿಯಿಂದ ಕತ್ತರಿಸಿದ ತೆಳು ತಗಡಿನಲ್ಲಿ ಅದು ಗುಂಡಗೆ ಇರಬೇಕು, ಅಂಚಿಗೆ ಚೂರೂ ಸಿಬಿರು ಇರಬಾರದು. ನಾನು ಟಾಚಣಿ ತಿವಿದು ಆರು ತಗಡು ಹರಿದೆ.

ನನ್ನ ಹೆಂಡತಿ ಮನೆಯಲ್ಲೇ ರವಿಕೆಗಳಿಗೆ ಮಗ್ಗಂ ವರ್ಕ್ ಮಾಡುತ್ತಾಳೆ. ಬಟ್ಟೆಯನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಸೂಜಿಯಿಂದ ಮಣಿ ಮತ್ತು ಜರಿ ಕೂರಿಸುವ ಕೆಲಸ. ಲಗ್ನದ ದಿನಗಳಲ್ಲಿ ಕೊಹೀರ್, ನ್ಯಾಲ್ಕಲ್ ಕಡೆಯ ಹೆಂಗಸರೂ ಹುಡುಕಿಕೊಂಡು ಬರುತ್ತಾರೆ. ಏಳನೇ ತಗಡು ಕೈಯಲ್ಲಿ ಹಿಡಿದು ಕೂತವನನ್ನು ಆಕೆ ಚೌಕಟ್ಟಿನ ಆಚೆಯಿಂದ ನೋಡಿದಳು.

"ಏನ್ ಮಾಡಾಕತ್ತೀರಿ? ಹಂಗ ತಿವಿದ್ರ ಹರೀದೆ ಏನಾತದ? ಕೊಡ್ರಿ ಇಲ್ಲಿ."

ತಗಡನ್ನು ಮಡಿಸಿದ ಬಟ್ಟೆಯ ಮೇಲಿಟ್ಟಳು. ಹನ್ನೆರಡನೇ ನಂಬರಿನ ಮಣಿ ಸೂಜಿಯಿಂದ ಮೆಲ್ಲಗೆ ಒತ್ತಿ, ಹಿಂಬದಿಗೆ ಗುಬುಟು ಎದ್ದೊಡನೆ ತಗಡು ತಿರುವಿ, ಅದನ್ನು ಪರಸಿಕಲ್ಲಿಗೆ ತಿಕ್ಕಿದಳು. ನೆಲಕ್ಕೆ ಹಾಸುವ ಆ ಕಲ್ಲು ಆಕೆಯ ತವರು ತಾಂಡೂರಿನದು. ಸೂಜಿ ಮಸೆಯಲೆಂದು ಪಾಲಿಶ್ ಮಾಡಿದ ಅಂಗೈ ಅಗಲದ ತುಂಡೊಂದನ್ನು ತಂದಿಟ್ಟುಕೊಂಡಿದ್ದಾಳೆ. ಮತ್ತೆ ಒತ್ತಿದಳು, ಮತ್ತೆ ತಿಕ್ಕಿದಳು. "ಮೊನಿ ಹೊರಗ ಬಂದದ್ದು ಬೆರಳಿಗಿ ತಿಳೀತದ್ರಿ. ಬರೋಬರಿ ಅಲ್ಲೇ ನಿಂದರಬೇಕು, ಮುಂದ ಹೋಗಬಾರದು" ಎಂದಳು. ತಗಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಷ್ಟು ಸಣ್ಣದು ಅಷ್ಟು ಗುಂಡಗಿದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆ ತೂತಿನಿಂದ ತೆಗೆದ ಮೊದಲ ಚಿತ್ರ ತಾಂಡೂರಿನ ಹಳೆಯ ಕಲ್ಲುಗಣಿಯದು. ಪದರು ಪದರಾಗಿ ಕೊಯ್ದ ಗೋಡೆ, ತಳದಲ್ಲಿ ನಿಂತ ನೀರು. ತೊಳೆದು ಒಣಗಿಸಿ, ಎದೆ ಉಬ್ಬಿಸಿಕೊಂಡು ಫೋರಮ್ಮಿಗೆ ಹಾಕಿದೆ.

ಫೋರಮ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಒಂದೇ ಹವ್ಯಾಸದ ಜನ ದೇಶದೇಶಗಳಿಂದ ಬಂದು ಸೇರುವ ಕಟ್ಟೆ ಅದು. ಅಲ್ಲಿ ಹೆಚ್ಚು ಚೆನ್ನಾಗಿ ಚಿತ್ರ ತೆಗೆದವನು ಹಿರಿಯನಲ್ಲ, ಹೆಚ್ಚು ಮಾತಾಡಿದವನು ಹಿರಿಯ. ಇಷ್ಟು ಸಾವಿರ ಸಲ ಬರೆದರೆ ಇಂಥ ಪದವಿ ಎಂದು ನಿಯಮವೇ ಇದೆ. ಹೊಸಬ ಏನು ಕೇಳಿದರೂ, ಹಿಂದೆಯೇ ಚರ್ಚೆಯಾಗಿದೆ, ಹುಡುಕಿ ಓದು ಎನ್ನುತ್ತಾರೆ. ಹುಡುಕಿದರೆ ಅಲ್ಲಿಯೂ ಯಾರೋ ಒಬ್ಬ ಮತ್ತೊಬ್ಬನಿಗೆ ಹುಡುಕಿ ಓದು ಎಂದಿರುತ್ತಾನೆ. ಒಬ್ಬ ಹಿರಿಯ ಸದಸ್ಯನ ಪೆಟ್ಟಿಗೆ ಸಾಗವಾನಿಯದು, ಮೂಲೆಗೆಲ್ಲ ಹಿತ್ತಾಳೆ. ಅದರಲ್ಲಿ ಅವನು ವರ್ಷವಿಡೀ ತೆಗೆದದ್ದು ತನ್ನ ಹಿತ್ತಲ ಬೇಲಿ. ನನ್ನ ಚಹಾಡಬ್ಬಿ ನೋಡಿ, ಇಷ್ಟು ಕಡಿಮೆಯಲ್ಲಿ ಇಷ್ಟು ಸಂತೋಷವೇ ಎಂದು ಮರುಗಿದವನು ಅವನೇ. ನನಗೆ ಮೈಯೆಲ್ಲ ಉರಿಯಿತು. ಆದರೂ 'ಧನ್ಯವಾದ' ಎಂದು ಬರೆದೆ.

ಗಣಿಯ ಗೋಡೆಯ ಬಗ್ಗೆ ಯಾರೂ ಒಂದು ಮಾತೂ ಬರೆಯಲಿಲ್ಲ. ಅವರಿಗೆ ಬೇಕಾಗಿದ್ದು ಅಷ್ಟು ಸ್ಪಷ್ಟ ಚಿತ್ರ ಕೊಟ್ಟ ತೂತು. ಅದನ್ನು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿ ಹಾಕು ಎಂದರು. ಹಾಕಿದೆ. ಹುಣ್ಣಿಮೆಯ ಚಂದ್ರನಂತೆ ಕಾಣುತ್ತಿತ್ತು. ಅರ್ಧ ದಿನದಲ್ಲಿ ಕಟ್ಟೆ ತುಂಬಿಹೋಯಿತು. ಲೇಸರಿನದೋ? ಯಂತ್ರದ್ದೋ? ಕೈಯಲ್ಲಾದರೆ ಹಾಕಿದವರು ಯಾರು?

ಇಂಗ್ಲಿಷಿನಲ್ಲಿ 'ನಾನು' ಒಂದೇ ಅಕ್ಷರ. ಬೆರಳು ತಾಗಿದರೆ ಸಾಕು, ಆಗಿಹೋಗುತ್ತದೆ. ನಮ್ಮ ಮಾತಿನಲ್ಲಾಗಿದ್ದರೆ 'ನಮ್ಮ ಮನ್ಯಾಗ ಹಾಕಿದ್ದು' ಎಂದಾದರೂ ಅನ್ನುತ್ತಿದ್ದೆನೇನೋ. ಅಥವಾ ಅದೂ ಒಂದು ನೆಪ. ಹೊಗಳಿಕೆ ಬೇಕಾಗಿತ್ತು, ತೆಗೆದುಕೊಂಡೆ.

ಆಮೇಲೆ ಬಿಡುವೇ ಇಲ್ಲ. ಸದಸ್ಯರು ಒಬ್ಬರಿಗೊಬ್ಬರು ಸಣ್ಣಪುಟ್ಟದ್ದು ಕಾಣಿಕೆ ಕಳಿಸುವ ಪದ್ಧತಿ ಅಲ್ಲಿದೆ. ನನ್ನಿಂದ ಎಲ್ಲರೂ ತೂತು ಕೇಳಿದರು. ಆಕೆ ರವಿಕೆಗಳ ನಡುವೆ ಬಿಡುವು ಮಾಡಿಕೊಂಡು ಹಾಕಿ ಕೊಟ್ಟಳು. ನಾನು ರಟ್ಟಿನ ನಡುವೆ ಇಟ್ಟು ಅಂಚೆಗೆ ಹಾಕಿದೆ.

"ಏನ್ ಬರೀತಾರ್ರಿ ಅವ್ರು?" ಎಂದು ಕೇಳುತ್ತಿದ್ದಳು.

"ಛಲೋ ಅದ ಅಂತಾರ."

"ಏನು? ಫೋಟೋನೋ, ತೂತಾನೋ?"

"ತೂತ."

ಅಷ್ಟಕ್ಕೆ ಖುಷಿಯಾಗಿ ಕೆಲಸಕ್ಕೆ ಬಗ್ಗುತ್ತಿದ್ದಳು. ಆ ಮೆಚ್ಚುಗೆ ತನಗೇ ತಲುಪಿದೆ ಎಂದು ಆಕೆ ತಿಳಿದಿದ್ದಳು. ನಾನು ತಿದ್ದಲಿಲ್ಲ. ಮೇಲ್ವಿಚಾರಕ ನನಗೆ ಬಿರುದು ಕೊಟ್ಟದ್ದೂ ಆಗಲೇ.

ಒಂದು ದಿನ ನಾನು ಆಸ್ಪತ್ರೆಯಲ್ಲಿದ್ದಾಗ ಮನೆಗೆ ವಿದೇಶದಿಂದ ಒಂದು ಲಕೋಟೆ ಬಂತು. ಒಳಗೆ ನಮ್ಮ ತೂತಿನಿಂದ ತೆಗೆದ ಸರೋವರದ ಚಿತ್ರ, ಜೊತೆಗೊಂದು ಕಾರ್ಡು. ಆಕೆ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ರವಿಕೆಯ ಡಿಸೈನುಗಳ ಜೊತೆಗಿನ ಬರಹವನ್ನು ಫೋನ್ ಹಿಡಿದು ಕನ್ನಡ ಮಾಡಿಕೊಂಡು ಓದುವ ರೂಢಿ ಇತ್ತು. ಕಾರ್ಡಿಗೂ ಫೋನ್ ಹಿಡಿದಳು. 'ಇಷ್ಟು ಸೂಕ್ಷ್ಮವಾದ ಕೈ ಇರುವ ಗಂಡಸನ್ನು ನಾನು ಕಂಡಿಲ್ಲ, ನಿಮ್ಮ ಕೈಗಳಿಗೆ ನಮಸ್ಕಾರ' ಎಂದಿತ್ತು. ಕೆಳಗೆ ಫೋರಮ್ಮಿನ ವಿಳಾಸವೂ ಇತ್ತು. ನಾನು ಬಂದಾಗ ಲಕೋಟೆಯನ್ನು ಕೈಗಿಟ್ಟಳು. ಜಗಳ ಮಾಡಲಿಲ್ಲ, ಮುಖವನ್ನೂ ಗಂಟು ಹಾಕಲಿಲ್ಲ. ಅದರಿಂದಲೇ ನನಗೆ ಎಚ್ಚರ ಆಗಬೇಕಿತ್ತು.

ನಾಲ್ಕಾರು ದಿನ ಕಳೆದ ಮೇಲೆ ಆಸ್ಪತ್ರೆಯ ಊಟದ ವೇಳೆ ಫೋರಮ್ ತೆರೆದೆ. ನನ್ನ ತೂತಿನ ಚರ್ಚೆಯ ಕೆಳಗೆ ಹೊಸ ಸದಸ್ಯರೊಬ್ಬರು ಬರೆದಿದ್ದರು. ಹೆಸರಿನ ಜಾಗದಲ್ಲಿ 'ಸೂಜಿ ಹನ್ನೆರಡು' ಎಂದಿತ್ತು. ಇಂಗ್ಲಿಷಿನಲ್ಲಿದ್ದದ್ದರ ಅರ್ಥ ಹೀಗೆ: 'ಈ ರಂಧ್ರಗಳನ್ನು ಹಾಕುವವಳು ನಾನು. ನಮ್ಮ ಮನೆಯ ಜನರು ಹಾಕುವುದಿಲ್ಲ. ಅವರುಗಳಿಗೆ ಬರುವುದಿಲ್ಲ. ಅವರುಗಳು ಡಬ್ಬಿಗೆ ಕಪ್ಪು ಬಣ್ಣ ಹಚ್ಚುತ್ತಾರೆ.'

ಆಕೆ ಫೋನಿಗೆ ಏನು ಹೇಳಿರಬಹುದೆಂದು ನನಗೆ ಕಿವಿಯಲ್ಲಿ ಕೇಳಿದಂತಾಯಿತು. "ನಮ್ಮನಿಯವ್ರು ಹಾಕಲ್ರಿ. ಅವ್ರಿಗಿ ಬರಲ್ಲ." ಗಂಡನ ಸುಳ್ಳನ್ನು ಊರಿಗೆ ಸಾರಲು ಹೊರಟಾಗಲೂ ಆಕೆ ಮರ್ಯಾದೆ ಬಿಟ್ಟಿರಲಿಲ್ಲ. ಫೋನಿಗೆ ಆ ಮರ್ಯಾದೆ ತಿಳಿಯಲಿಲ್ಲ. ಒಬ್ಬ ಗಂಡನನ್ನು ಮನೆ ತುಂಬ ಜನ ಮಾಡಿ ಇಂಗ್ಲಿಷಿಗೆ ಹಾಕಿತು.

ಕಟ್ಟೆಗೆ ಕಿಚ್ಚು ಹತ್ತಿತು. ಯಾರಿವರು ಮನೆಯ ಜನರು? ಡಬ್ಬಿಗೆ ಬಣ್ಣ ಹಚ್ಚಲು ಇವನು ಎಷ್ಟು ಜನ ಇಟ್ಟುಕೊಂಡಿದ್ದಾನೆ? ಇದು ಹವ್ಯಾಸವೋ, ಕಾರ್ಖಾನೆಯೋ? ಹಿತ್ತಲ ಬೇಲಿಯವನು ಬಡ ದೇಶಗಳ ದುಡಿಮೆಯ ಬಗ್ಗೆ ಒಂದು ಪುಟ ಬರೆದ. ಮತ್ತೊಬ್ಬ, ಇದು ಹೆಂಗಸೂ ಅಲ್ಲ, ಮನುಷ್ಯರೂ ಅಲ್ಲ, ಯಂತ್ರ ಬರೆದ ಇಂಗ್ಲಿಷು ಎಂದ. ಆಕೆ ಹೇಳಿದ ಮೊದಲ ವಾಕ್ಯವನ್ನು ಒಬ್ಬನೂ ಓದಿದಂತೆ ಕಾಣಲಿಲ್ಲ.

ಮಧ್ಯಾಹ್ನವೇ ಮೇಲ್ವಿಚಾರಕನ ಖಾಸಗಿ ಪತ್ರ ಬಂತು. 'ಎರಡೂ ಖಾತೆಗಳು ಒಂದೇ ಮನೆಯ ಇಂಟರ್ನೆಟ್ಟಿನಿಂದ ಬಂದಿವೆ. ಒಬ್ಬರಿಗೆ ಒಂದೇ ಖಾತೆ ಎಂಬುದು ನಮ್ಮ ನಿಯಮ. ಇದು ನೀನೇನಾ? ಅಲ್ಲವಾದರೆ ಯಾರು?'

ಎರಡು ಸಾಲು ಬರೆದಿದ್ದರೆ ಸಾಕಿತ್ತು. ನಮ್ಮನಿಯವ್ರು ಎಂದರೆ ಗಂಡ, ಒಬ್ಬನೇ, ಅದು ನಾನು; ಆಕೆ ನನ್ನ ಹೆಂಡತಿ, ಹೇಳಿದ್ದೆಲ್ಲ ಖರೆ. ಆ ಇಡೀ ಫೋರಮ್ಮಿನಲ್ಲಿ ಆ ಮಾತಿನ ಅರ್ಥ ಗೊತ್ತಿದ್ದವನು ನಾನೊಬ್ಬನೇ. ಕತ್ತಲೆ ಕೋಣೆಯ ಸ್ಟೂಲಿನ ಮೇಲೆ ಕೂತು ಯೋಚಿಸಿದೆ. ಬಿರುದು ಹೋಗುತ್ತದೆ, ಸುಳ್ಳ ಎನ್ನುತ್ತಾರೆ, ಬೇಲಿಯವನು ನಗುತ್ತಾನೆ. ಹೆಂಡತಿಯ ಮುಖ ನೆನಪಿಗೆ ಬಂದದ್ದು ಆಮೇಲೆ, ಉತ್ತರ ಕಳಿಸಿಯಾದ ಮೇಲೆ.

'ಅದು ನಾನೇ,' ಎಂದು ಬರೆದಿದ್ದೆ. 'ಭಾಷಾಂತರ ಹೇಗೆ ಆಗುತ್ತದೆ ಎಂದು ತಮಾಷೆಗೆ ನೋಡುತ್ತಿದ್ದೆ. ತಪ್ಪಾಯಿತು.'

ಮುದುಕ ಕ್ಷಮಿಸಿದ. ಹಳೆಯ ಸದಸ್ಯರಿಗೆ ಆ ಸಲಿಗೆ ಇರುತ್ತದಂತೆ. ಆಕೆಯ ಬರಹ ಅಳಿಸಿಹೋಯಿತು, ಖಾತೆ ಮುಚ್ಚಿತು.

ಸಂಜೆ ಮನೆಗೆ ಹೋದಾಗ ಆಕೆ ಚೌಕಟ್ಟಿನ ಮುಂದೆ ಕೂತಿದ್ದಳು. ಸೂಜಿ ಬಟ್ಟೆಯಲ್ಲೇ ಚುಚ್ಚಿತ್ತು, ಕೈ ಆಡುತ್ತಿರಲಿಲ್ಲ. ಫೋನನ್ನು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ಕನ್ನಡವಾಗಿ ಬಂದ ಒಂದು ಸಾಲಿತ್ತು: 'ಈ ಸದಸ್ಯರು ಅಸ್ತಿತ್ವದಲ್ಲಿಲ್ಲ.'

"ಅಸ್ತಿತ್ವ ಅಂದ್ರ ಏನ್ರಿ?"

"ಇರೋದು."

"ಹಂಗಾದ್ರ ನಾ ಇಲ್ಲಂತೇನು?"

ನಾನು ಬೂಟು ಬಿಚ್ಚುತ್ತ ನಿಂತೆ.

"ಕೇಳಿರಬೇಕಲ್ಲ ನಿಮಗ, ಆಕಿ ಯಾರಂತ. ನೀವು ಏನಂದ್ರಿ?"

"ನಾನೇ ಅಂದೆ. ಅದೂ ನಾನೇ ಅಂತ."

ಆಕೆ ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬಟ್ಟೆಯಿಂದ ಸೂಜಿ ಕಿತ್ತು ನನ್ನ ಮುಂದೆ ಪರಸಿಕಲ್ಲಿನ ಮೇಲೆ ಇಟ್ಟಳು. "ಆತು ಬಿಡ್ರಿ. ಇನ್ಮ್ಯಾಲ ತೂತಾನೂ ನೀವೇ ಹಾಕ್ರಿ" ಎಂದು ಡಬ್ಬಿಯಿಂದ ಬೇರೆ ಸೂಜಿ ತೆಗೆದುಕೊಂಡು ರವಿಕೆಯ ಕೆಲಸ ಮುಂದುವರಿಸಿದಳು.

ಹಾಕಿದೆ. ಅದೇ ಸೂಜಿ, ಅದೇ ಕಲ್ಲು. ಆಕೆ ಹೇಳಿದ ಆ 'ಅಲ್ಲೇ ನಿಂದರಬೇಕು' ನನ್ನ ಬೆರಳಿಗೆ ಯಾವತ್ತೂ ತಿಳಿಯಲಿಲ್ಲ. ಪ್ರತಿ ಸಲ ಮುಂದೆ ಹೋದೆ. ನಾರಾಯಣಖೇಡದ ಬಸ್ ಸ್ಟ್ಯಾಂಡು ಹೊಗೆಯಲ್ಲಿ ಮುಳುಗಿದಂತೆ ಬಂತು. ರಾಯಿಕೋಡದ ಹೊಲಗಳೂ ಹಾಗೇ. ಮುಚ್ಚಿಡಲು ಮನಸ್ಸಾಗದೆ ಫೋರಮ್ಮಿಗೆ ಹಾಕಿದೆ, ಬೈದರೆ ಬೈಯಲಿ ಎಂದು. ಉಸ್ತಾದರು ಸ್ಪಷ್ಟತೆಯನ್ನು ದಾಟಿ ಮುಂದೆ ಹೋಗಿದ್ದಾರೆ ಎಂದು ಬರೆದರು. ಬೇಲಿಯವನು ಅದನ್ನು ಹೊಸ ಘಟ್ಟ ಎಂದು ಕರೆದ. ಹೊಲಸು ತೂತನ್ನು ಅವರು ಕಲೆ ಎಂದರು.

ವರ್ಷ ಕಳೆದ ಮೇಲೆ ತಡೆಯಲಾರದೆ ಎಲ್ಲವನ್ನೂ ಬರೆದೆ. ಒಂದೂ ಬಿಡದೆ: ತೂತು ಆಕೆಯದು, ಖಾತೆ ಆಕೆಯದು, ಸುಳ್ಳು ನನ್ನದು. ಸಾಲು ಸಾಲಾಗಿ ಕೆಂಪು ಹೃದಯಗಳು ಬಂದವು. ಎಂಥ ವಿನಯ, ಎಂಥ ಗಂಡ, ಹೆಂಡತಿಗೆ ಎಷ್ಟು ಚಂದದ ಅರ್ಪಣೆ! ಒಬ್ಬನೂ ನಂಬಲಿಲ್ಲ. ಆ ಎರಡನೇ ಖಾತೆಯೂ ನಿನ್ನದೇ ಎಂದು ನೀನೇ ಒಪ್ಪಿಕೊಂಡಿದ್ದೆಯಲ್ಲ ಎಂದು ಮುದುಕ ನೆನಪು ಮಾಡಿಕೊಟ್ಟ. ಬಿರುದನ್ನು ತೆಗೆಯಿರಿ ಎಂದು ಕೇಳಿದ್ದೂ, ಅವನು ನಗುವ ಮುಖ ಕಳಿಸಿದ್ದೂ ಅವತ್ತೇ.

ಮನೆಯಲ್ಲಿ ಹೇಳಿದೆ. "ನಂಬಿದ್ರೇನು?" ಎಂದು ಕೇಳಿದಳು. ಇಲ್ಲ ಎಂದೆ. ಮಣಿಯೊಂದನ್ನು ಸೂಜಿಗೇರಿಸುತ್ತ, "ನೀವು ಮೊದಲು ಹೇಳಿದ್ದು ಪಕ್ಕಾ ಇತ್ತು ನೋಡ್ರಿ" ಎಂದಳು.

ಮೊನ್ನೆ ಕೊಹೀರಿನ ಹೆಂಗಸೊಬ್ಬಳು ಮಗಳ ಲಗ್ನದ ರವಿಕೆ ಒಯ್ಯಲು ಬಂದಿದ್ದಳು. ಕಿಟಕಿಯಲ್ಲಿದ್ದ ಚಹಾಡಬ್ಬಿ ಎತ್ತಿ ನೋಡಿ, "ಇದ್ಯಾರದ್ರಿ ಅಕ್ಕ? ಡಬ್ಬಿಗಿ ತೂತ ಬಿದ್ದದಲ್ಲ" ಎಂದಳು. ನಾನು ಒಳಕೋಣೆಯ ಬಾಗಿಲಲ್ಲೇ ಇದ್ದೆ. ನಾನಿರುವುದು ನನ್ನ ಹೆಂಡತಿಗೆ ಕಾಣುತ್ತಿತ್ತು.

"ಅವಂದದ," ಎಂದಳು. "ಆ ಕಡಿ ಸರಸಿಡ್ರಿ."

ಮದುವೆಯಾದಂದಿನಿಂದ ನನ್ನ ಎದುರಿಗಾಗಲಿ ಬೆನ್ನ ಹಿಂದಾಗಲಿ ಆಕೆಯ ಬಾಯಲ್ಲಿ ಕೇಳದ ಏಕವಚನ ಅದು. ಈಗ ಅದನ್ನೇ ಫೋನಿಗೆ ಹೇಳಿದರೆ ಇಂಗ್ಲಿಷಿನಲ್ಲಿ ಯಾವ ಗೊಂದಲವೂ ಆಗುವುದಿಲ್ಲ. ಒಬ್ಬನೇ ಒಬ್ಬ ಗಂಡಸು. ಯಾರ ಮನೆಯವನೂ ಅಲ್ಲ.