ಈ ಮಂಜಲ್ಲ

ಎಂಬತ್ತನೇ ಇಸವಿಯ ಸುಮಾರಿಗೆ ಕಡಬದ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ ಆ ಅಡುಗೆಯವರು ಎಂಥ ಸೆಕೆಯಲ್ಲೂ ಕ್ಯಾನ್ವಾಸ್ ಶೂ ಬಿಚ್ಚುತ್ತಿರಲಿಲ್ಲ. ಮೊದಲು ಹಡಗಿನಲ್ಲಿದ್ದವರು. ಒಮ್ಮೆ ಪರದೇಶದ ಸಾಹಸಿಗಳಿಗೆ ಅಡುಗೆ ಮಾಡಲು ಹೋಗಿ, ಉತ್ತರ ಧ್ರುವದ ಕಡೆ ನಾಯಿಗಳು ಎಳೆಯುವ ಬಂಡಿಯ ಹಿಂದೆ ಹನ್ನೊಂದು ದಿನ ಮಂಜಿನ ಮೇಲೆ ನಡೆದಿದ್ದರಂತೆ. ನಮಗೋ, ಮಂಜೆಂದರೆ ಬೆಳಗ್ಗೆ ಘಾಟಿಯಿಂದಿಳಿದು ಬಿಸಿಲಿಗೆ ಮಾಯವಾಗುವಂಥದ್ದು.

"ಮಂಜಿನ ಮೇಲೆ ನಡೆಯುದು ಹೇಗೆ ಮಾರಾಯ್ರೆ?" ಎಂದು ಗಿರಾಕಿಗಳು ನಗುತ್ತಿದ್ದರು.

"ಅದು ಈ ಮಂಜಲ್ಲ," ಎನ್ನುತ್ತಿದ್ದರು ಅವರು, ಪ್ರತಿಸಲವೂ.

ಒಂದು ಬೆಳಗ್ಗೆ ನಗು ಅತಿಯಾಯಿತು. "ಅದು ಕಲ್ಲಿನ ಹಾಗೆ ಗಟ್ಟಿ ಉಂಟು. ಕಚ್ಚುತ್ತದೆ. ನೋಡಿ," ಎಂದು ಎಡಗಾಲಿನ ಶೂ ಕಳಚಿದರು. ಮೂರು ಬೆರಳುಗಳಿರಲಿಲ್ಲ.

ಯಾರೋ ತಟ್ಟೆ ದೂರ ಸರಿಸಿದರು. ಕುಷ್ಠ ಎಂಬ ಶಬ್ದವನ್ನು ಯಾರೂ ಆಡಲಿಲ್ಲ. "ನಾಳೆಯಿಂದ ಬರುದು ಬೇಡ," ಎಂದರು ಹೋಟೆಲಿನ ಧಣಿ, "ಮೊದಲು ಸುಬ್ರಹ್ಮಣ್ಯಕ್ಕೆ ಹೋಗಿ ಹರಕೆ ಹೇಳಿಕೊಳ್ಳಿ."

ಅವರು ನನ್ನತ್ತ ತಿರುಗಿದರು. "ಮಾಷ್ಟ್ರೇ, ನೀವಾದರೂ ಹೇಳಿ."

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ಹಿಮದ ಚಳಿಗೆ ಬೆರಳು ಸತ್ತು ಉದುರುತ್ತದೆಂದು ಆ ವಾರವೇ ಪಾಠ ಮಾಡಿದ್ದೆ. ಅರ್ಧ ತಿಂದ ದೋಸೆ ಬಿಟ್ಟು, ಎದ್ದುಹೋಗಿ ಕೈ ತೊಳೆದೆ. ಸಾಬೂನು ಹಾಕಿ, ಎರಡು ಸಲ.