ತಂಗಿಯ ಬಗ್ಗೆ ಒಂದು ಒಳ್ಳೆಯ ಮಾತು

ನನ್ನ ತಂಗಿ ಮನಶ್ಶಾಸ್ತ್ರ ಓದುತ್ತಾಳೆ ಎಂದು ಹೇಳಿದಾಗಲೆಲ್ಲ ನಮ್ಮ ಹೊಣಕೆರೆ ಕಡೆಯ ಜನ ಮೊದಲು ನನ್ನ ಮುಖ ನೋಡುತ್ತಿದ್ದರು. ಮನೆಯಲ್ಲಿ ಯಾರಿಗೋ ತಲೆ ನೆಟ್ಟಗಿಲ್ಲ, ಅದಕ್ಕೇ ಓದಿಸುತ್ತಿದ್ದಾರೆ ಎಂಬುದು ಅವರ ಅಂದಾಜು. ಅಂದಾಜು ಪೂರ್ತಿ ತಪ್ಪಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ನಾನು ಬಡಗಿ. ನಾಗಮಂಗಲದಲ್ಲಿ ಅಪ್ಪ ನಡೆಸುತ್ತಿದ್ದ ಅಂಗಡಿಯನ್ನು ಅವರು ಹೋದ ಮೇಲೆ ನಾನು ನಡೆಸುತ್ತಿದ್ದೇನೆ. ಬಾಗಿಲು, ಕಿಟಕಿ, ಮಂಚ ಮಾಡುತ್ತೇವೆ. ಹತ್ತನೇ ಕ್ಲಾಸಿನ ಗಣಿತ ನನ್ನ ಕತ್ತು ಹಿಡಿದು ಶಾಲೆಯಿಂದ ಆಚೆ ತಳ್ಳಿತು. ಬಂದು ಬಿದ್ದದ್ದು ಮರದ ಹೊಟ್ಟಿನ ಮೇಲಾದ್ದರಿಂದ ಅಷ್ಟೇನೂ ಪೆಟ್ಟಾಗಲಿಲ್ಲ. ತಂಗಿ ಹಾಗಲ್ಲ. ಬಾಬುರಾಯನಕೊಪ್ಪಲಿನ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಮೈಸೂರಿನ ಕಾಲೇಜಿಗೆ ಹೋಗುತ್ತಿದ್ದಳು. ಶನಿವಾರವಾದರೆ ಪಾಂಡವಪುರದ ಮೇಲೆ ಬರುವ ಬಸ್ಸು ಹತ್ತಿ ನೇರ ಅಂಗಡಿಗೇ ಬರುತ್ತಿದ್ದಳು. ಬಂದವಳು ಬ್ಯಾಗಿಡುವ ಮೊದಲೇ ಆ ವಾರದ ಪಾಠವನ್ನು ನಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದಳು.

ಒಂದು ವರ್ಷ ಅವಳಿಗೆ ಮಾನವ ಸಂಪನ್ಮೂಲ ನಿರ್ವಹಣೆ ಎಂಬ ಪಾಠ ಬಂತು. ಹೆಸರು ಕೇಳಿ ನಾನು, "ಮನುಷ್ಯರನ್ನೂ ಮರದಂಗೆ ಸ್ಟಾಕು ಮಡೀಕತಾರಾ ಅಮ್ಮಿ?" ಎಂದೆ.

"ಮಡೀಕತಾರೆ ಕಣಣ್ಣ. ಆದ್ರೆ ನಿನ್ನಂಗೆ ಬಿಸ್ಲಿಗಾಕಿ ಒಣಗುಸ್ಬಾರ್ದು ಅಂತಾವ್ರೆ."

ನಮ್ಮಲ್ಲಿ ಇದ್ದ ಸಂಪನ್ಮೂಲವೆಂದರೆ ಮುಖ್ಯವಾಗಿ ಒಬ್ಬರೇ, ಅಪ್ಪನ ಕಾಲದಿಂದ ಇದ್ದ ಹಳೆಯ ಕೆಲಸಗಾರ. ನಾವಿಬ್ಬರೂ ಅವರನ್ನು ಮಾವ ಎನ್ನುತ್ತೇವೆ. ಹಬ್ಬದ ಮುಂದೆ ಕೆಲಸ ಹೆಚ್ಚಾದಾಗ ಇನ್ನೊಬ್ಬರು ಬಂದು ಹೋಗುತ್ತಿದ್ದರು, ಅಷ್ಟೇ. ತಂಗಿ ಒಂದು ಮಣೆ ಎಳೆದುಕೊಂಡು ಮಾವನ ಮುಂದೆ ಕೂತಳು. ಯಾರಿಗಾದರೂ ಕೆಲಸ ಕೊಡುವ ಮೊದಲು ಆ ಕೆಲಸ ಏನು ಎಂದು ವಿವರವಾಗಿ ತಿಳಿಯಬೇಕಂತೆ. ಅದು ಮೊದಲ ಪಾಠ.

"ಮಾವ, ದಿನಾ ಏನೇನ್ ಮಾಡ್ತೀಯ, ಒಂದೊಂದಾಗಿ ಯೋಳು."

"ಬೆಳಿಗ್ಗೆ ಬತ್ತೀನಿ. ನಿಮ್ಮಣ್ಣ ಬಯ್ತಾನೆ. ಮರ ಉಜ್ತೀನಿ. ಇನ್ನೊಂದ್ಸಲ ಬಯ್ತಾನೆ. ಮನೀಗೋಯ್ತೀನಿ."

"ಬಯ್ಯೋದು ಯಾರ ಕೆಲ್ಸ?"

"ಅದು ನಿಮ್ಮಣ್ಣುಂದು. ಅದೊಂದುಕ್ಕೆ ಅವ್ನು ಒಂದಿನಾನೂ ರಜ ಆಕಿಲ್ಲ."

ಇಬ್ಬರೂ ನಕ್ಕರು. ನಾನು ಉಳಿ ಮಸೆಯುವವನ ಹಾಗೆ ಆ ಕಡೆ ತಿರುಗಿದೆ. ಆದರೆ ತಂಗಿ ನಕ್ಕು ಸುಮ್ಮನಾಗಲಿಲ್ಲ. ಯಾಕೆ ಬಯ್ಯುತ್ತೇನೆ ಎಂದು ಮಧ್ಯಾಹ್ನವೆಲ್ಲ ಕೂತು ನೋಡಿದಳು. ಹೇಳಿದ್ದನ್ನು ಮಾವ ಮಾಡುವುದಿಲ್ಲ, ಅದಕ್ಕೆ ಬಯ್ಯುತ್ತೇನೆ ಎಂದು ನಾನು ನಂಬಿದ್ದೆ. ಸಂಜೆ ಅವಳು ಮಾವನ ಎಡಕ್ಕೆ ನಿಂತು ಮೆಲ್ಲಗೆ ಕರೆದಳು. ಅವರು ತಿರುಗಲಿಲ್ಲ. ಬಲಕ್ಕೆ ಬಂದು ಕರೆದಳು, ತಿರುಗಿದರು. ಒಂದು ಕಿವಿ ಮಂದವಾಗಿತ್ತು. ಗರಗಸದ ಮಿಷಿನ್ನಿನ ಸದ್ದು ಒಳ್ಳೆಯ ಕಿವಿಗೆ ಬೀಳುವಂತೆಯೂ ನನ್ನ ಮಾತು ಕೇಳದ ಕಿವಿಗೆ ಬೀಳುವಂತೆಯೂ ನಾನೇ ಅವರ ಜಾಗ ಮಾಡಿಕೊಟ್ಟಿದ್ದೆ. ತಂಗಿ ಅವರ ಕೆಲಸದ ಹಲಗೆಯನ್ನು ತಿರುಗಿಸಿ ಹಾಕಿಸಿದಳು. ಆಮೇಲೆ ಬಯ್ಯುವುದಕ್ಕೆ ಕಾರಣಗಳೇ ಕಡಿಮೆಯಾಗಿ ನನಗೆ ಬೇಸರವಾಗತೊಡಗಿತು.

ಅವತ್ತು ನಾನು ಅವಳಿಗೆ ಹೇಳಿದ್ದು ಇಷ್ಟೇ, "ಸರಿ ಬುಡು."

ಇದಕ್ಕೆ ನನ್ನ ಹತ್ತಿರ ಒಂದು ಸಮಜಾಯಿಷಿ ಇದೆ. ನಮ್ಮ ಕಸುಬಿನಲ್ಲಿ ನಮ್ಮದನ್ನು ನಾವೇ ಚೆನ್ನಾಗಿದೆ ಎನ್ನುವಂತಿಲ್ಲ. ಹೊಸಮನೆಗೆ ಬಾಗಿಲು ಕೂರಿಸಿದ ಮೇಲೆ ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಕೈ ಮುಗಿದು, "ಏನೋ ನಮ್ ಕೈಲಾದಂಗೆ ಮಾಡಿದೀವಿ, ಓರೆಕೋರೆ ಇದ್ರೆ ತಿದ್ದುಸ್ಕಳಿ" ಎನ್ನುತ್ತಿದ್ದರು. ಎದುರಿನವರು "ಎಲ್ಲಾರ ಉಂಟಾ, ಬಾಗ್ಲು ಅಂದ್ರೆ ಇದು" ಎನ್ನಬೇಕು. ಹೊಗಳಿಕೆ ಆಚೆಯಿಂದಲೇ ಬರಬೇಕು. ನಾವೇ ಹೊಗಳಿಕೊಂಡರೆ ಮರ ಸೀಳು ಬಿಡುತ್ತದೆ ಎಂದು ಅಪ್ಪ ನಂಬಿದ್ದರು; ಕಣ್ಣಿಗೆ ಕಾಣದ ಮೂಲೆಯಲ್ಲಿ ದೃಷ್ಟಿಗೆಂದು ಮಸಿಯ ಬೊಟ್ಟನ್ನೂ ಇಡುತ್ತಿದ್ದರು. ಮಕ್ಕಳನ್ನು ಯಾರ ಕೈಗಾದರೂ ಒಪ್ಪಿಸುವಾಗಲೂ ಇದೇ ಕ್ರಮ. ಏನೂ ತಿಳಿಯದ ಮಗು, ನಿಮ್ಮ ಮಡಿಲಿಗೆ ಹಾಕಿದ್ದೀವಿ ಎನ್ನಬೇಕು.

ಈ ಸಮಜಾಯಿಷಿ ಅರ್ಧದವರೆಗೆ ಮಾತ್ರ ಬರುತ್ತದೆ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಂಗಿಯ ಮುಂದಿನ ಪಾಠ, ಕೆಲಸ ಮಾಡುವವರ ಕೆಲಸವನ್ನು ತೂಗಿ ನೋಡುವುದು. ಪಾಂಡವಪುರದಿಂದ ಗಿರಾಕಿಯೊಬ್ಬರು ಬಾಗಿಲು ನೋಡಲು ಬಂದಿದ್ದ ಹೊತ್ತಿನಲ್ಲೇ ಅವಳು ಫಲಿತಾಂಶ ಪ್ರಕಟಿಸಿದಳು. ಮಾವನಿಗೆ ಹತ್ತಕ್ಕೆ ಎಂಟು. ನನಗೆ, ಯಜಮಾನನಾಗಿ, ಹತ್ತಕ್ಕೆ ಮೂರು.

"ಯಾಕಮ್ಮಿ, ಗಣಿತದಲ್ಲೂ ನಂಗೆ ಇದ್ಕಿಂತ ಜಾಸ್ತಿ ಬಂದಿತ್ತು."

"ಮಾಡ್ದೋರ್ಗೆ ಒಂದು ಒಳ್ಳೆ ಮಾತಾಡಕೆ ಬರಲ್ಲ ನಿಂಗೆ. ಅದ್ಕೇ ಏಳು ಕಟ್."

ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಆ ಮೂರು ಅಂಕ ಸಿಬಿರಿನ ಹಾಗೆ ಉಗುರಿನ ಸಂದಿಯಲ್ಲಿ ಉಳಿಯಿತು. ಕಾಣುವುದಿಲ್ಲ, ಕೈ ಇಟ್ಟಲ್ಲೆಲ್ಲ ಚುಚ್ಚುತ್ತದೆ.

ಅದೇ ದಿನಗಳಲ್ಲಿ ಅವಳು ಶ್ರೀರಂಗಪಟ್ಟಣದ ಹತ್ತಿರದ ಒಂದು ಬಟ್ಟೆ ಕಾರ್ಖಾನೆಗೆ ತರಬೇತಿಗೆಂದು ಅರ್ಜಿ ಹಾಕಿದ್ದಳು. ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಕೂತು ಕಲಿಯದೆ ಈ ಓದು ಪೂರ್ತಿಯಾಗುವಂತಿರಲಿಲ್ಲ. ಹಿಂದೆ ಎಲ್ಲಿ ಕೆಲಸ ಮಾಡಿದ್ದೀರಿ ಎಂದು ಕೇಳಿದ್ದಕ್ಕೆ ನಮ್ಮ ಅಂಗಡಿಯ ಹೆಸರು, ನನ್ನ ನಂಬರು ಕೊಟ್ಟಿದ್ದಳು. ಸುಳ್ಳಲ್ಲ, ರಜೆಯಲ್ಲಿ ಗಿರಾಕಿಗಳ ಹತ್ತಿರ ಮಾತು, ಕೆಲಸದ ಹಂಚಿಕೆ ಎಲ್ಲ ಅವಳದೇ.

"ಫೋನ್ ಬತ್ತದೆ ಅಣ್ಣ. ಇದ್ದುದ್ನ ಇದ್ದಂಗೆ ಹೇಳು ಸಾಕು" ಎಂದಿದ್ದಳು.

ಫೋನು ಬಂತು. ತುಂಬ ಮರ್ಯಾದೆಯ ಹೆಂಗಸಿನ ದನಿ. ನಾನು ಎದ್ದು ನಿಂತು, ಅಂಗಿಯ ಹೊಟ್ಟು ಕೊಡವಿ, ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು, ಎರಡೂ ಕೈ ಮುಗಿದೆ. ಅವರಿಗೆ ಕಾಣುವುದಿಲ್ಲ ಎಂಬುದು ಹೊಳೆಯಲಿಲ್ಲ.

"ನಿಮ್ಮಲ್ಲಿ ಇವರ ಕೆಲಸ ಹೇಗಿತ್ತು ಸರ್?"

"ಅಯ್ಯೋ, ಅವ್ಳಿಗೇನ್ ಗೊತ್ತು ಮೇಡಮ್, ಇನ್ನೂ ಚಿಕ್ಕೋಳು. ಒಸಿ ಹಟ ಜಾಸ್ತಿ. ತಪ್ಪು ಮಾಡುದ್ರೆ ನೀವೇ ತಿದ್ಕಬೇಕು."

ಹೇಳಿ ಕಾದೆ. ಈಗ ಅವರು "ಛೆ ಛೆ, ಹಾಗೇನಿಲ್ಲ" ಎನ್ನಬೇಕು. ಅನ್ನಲಿಲ್ಲ. ಕಂಪ್ಯೂಟರಿನ ಗುಂಡಿ ಒತ್ತುವ ಸದ್ದು ಮಾತ್ರ ಕೇಳಿಸಿತು.

"ಸಮಯಕ್ಕೆ ಸರಿಯಾಗಿ ಬರ್ತಾರಾ?"

"ಬಸ್ಸು ಸಿಕ್ಕುದ್ರೆ ಬತ್ತಾಳೆ ಮೇಡಮ್."

"ಜೊತೆಯವರ ಹತ್ತಿರ ಹೊಂದಿಕೊಂಡು ಹೋಗ್ತಾರಾ?"

ಇಲ್ಲಿಯವರೆಗೆ ಮಾತಾಡಿದ್ದು ಅಪ್ಪನ ಬಾಯಿ. ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಮಾತ್ರ ನನ್ನದೇ. ಕಂಪ್ಯೂಟರಿನಲ್ಲಿ ಇದೆಲ್ಲ ಏರುತ್ತಿದೆ ಎಂದು ಅಷ್ಟರಲ್ಲಿ ನನಗೆ ತಿಳಿದಿತ್ತು. ಮೂರು ಅಂಕವೂ ನೆನಪಾಯಿತು.

"ಎಲ್ಲರ ತಪ್ಪು ಹುಡುಕ್ತಾಳೆ ಮೇಡಮ್. ಅವ್ಳ ಜತೆ ಏಗೋದು ಕಷ್ಟ."

ಮಾವನ ಕೈ ಮರದ ಮೇಲೆ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿ, ಮತ್ತೆ ಉಜ್ಜತೊಡಗಿದರು.

ಅವಳನ್ನು ತೆಗೆದುಕೊಳ್ಳಲಿಲ್ಲ. ಶನಿವಾರ ಬಂದು ಹಲಗೆಗಳ ರಾಶಿಯ ಮೇಲೆ ಕೂತಳು. "ನನ್ ಮಾತು ಜಾಸ್ತಿ ಆಯ್ತೇನೋ ಅಣ್ಣ ಅಲ್ಲಿ" ಎಂದಳು. ಆಮೇಲೆ ಮಾತು ಕಡಿಮೆ ಮಾಡಿದಳು. ಪಾಠವಿಲ್ಲ, ಪ್ರಯೋಗವಿಲ್ಲ, ಅಂಕವಿಲ್ಲ. ಏನು ಕೇಳಿದರೂ "ಹೂಂ", "ಸರಿ." ಇವಳ ಬಾಯಿ ಒಂದು ದಿನವಾದರೂ ಮುಚ್ಚಲಿ ಎಂದು ಎಷ್ಟೋ ಸಲ ಹರಕೆ ಹೊತ್ತವನಂತೆ ಬೇಡಿಕೊಂಡಿದ್ದೆ. ಮುಚ್ಚಿದಾಗ ಅಂಗಡಿಯಲ್ಲಿ ಗರಗಸ ನಿಂತ ಮೇಲಿನ ಮೌನ. ನಾನು ಓಡಿಹೋಗಿ ಬಿಸಿ ಬೋಂಡ ತಂದುಕೊಟ್ಟೆ. ತಪ್ಪು ಮಾಡಿದ ಗಂಡಸರಿಗೆ ಮೊದಲು ನೆನಪಾಗುವುದು ಎಣ್ಣೆಯಲ್ಲಿ ಕರಿದದ್ದೇ.

ಅವಳು ಕೈ ತೊಳೆಯಲು ಹೋದಾಗ ಮಾವ, "ಯೋಳ್ಬುಡ್ಲಾ" ಎಂದರು.

"ಏನ್ನ ಮಾವ?"

"ನನ್ ತಾವ ನಾಟ್ಕ ಆಡ್ಬ್ಯಾಡ ಕಣ್ಲಾ. ನಂಗೆ ಮಂದ ಆಗಿರದು ಒಂದೇ ಕಿವಿ."

ಹೇಳಲಿಲ್ಲ. ನಾಳೆ, ನಾಡಿದ್ದು ಎಂದು ದೂಡಿದೆ. ಅಷ್ಟರಲ್ಲಿ ಕೆ.ಆರ್. ಪೇಟೆ ಕಡೆಯ ಒಂದು ತೆಂಗಿನ ನಾರಿನ ಕಾರ್ಖಾನೆಯಲ್ಲಿ ತರಬೇತಿಗೆ ಜಾಗವಿದೆ ಎಂದು ಅವಳಿಗೆ ಗೊತ್ತಾಯಿತು. ಅಲ್ಲಿ ಕೆಲಸಕ್ಕೆ ಬರುವವರ ಸಂದರ್ಶನ ಮಾಡುವುದನ್ನು ಈಗಲೇ ರೂಢಿ ಮಾಡಿಕೊಳ್ಳಬೇಕು, ನೀನು ಕೆಲಸ ಕೇಳಿಕೊಂಡು ಬಂದವನ ಹಾಗೆ ಕೂರು ಎಂದಳು. ಮಣೆಯ ಮೇಲೆ ಕೂತೆ. ಅವಳು ಎದುರಿಗೆ, ನೆಟ್ಟಗೆ, ಬಹುವಚನದಲ್ಲಿ.

"ನಿಮ್ಮಲ್ಲಿರೋ ಒಳ್ಳೆ ಗುಣ ಏನು?"

"ಮರ ಕೊಯ್ತೀನಿ."

"ಕೊರತೆ ಏನು?"

ಗಣಿತ ಎನ್ನಬಹುದಿತ್ತು. ಬಾಯಿಗೆ ಬಂದದ್ದು ಬೇರೆ. "ಆ ಬಟ್ಟೆ ಕಾರ್ಖಾನೆಯೋರು ನಂಗೆ ಫೋನ್ ಮಾಡಿದ್ರು ಅಮ್ಮಿ. ನಾನೇ ಕೆಡಿಸ್ದೆ."

ಅವಳು ಬೆನ್ನು ಬಗ್ಗಿಸಲಿಲ್ಲ. "ಏನೇನ್ ಅಂದೆ, ಒಂದೊಂದೇ ಯೋಳು."

ಹೇಳಿದೆ. ಚಿಕ್ಕವಳು, ತಿದ್ದಿಕೊಳ್ಳಿ ಎಂದದ್ದಕ್ಕೆ ಅವಳಿಗೆ ನಗು ಬಂತು. "ಫೋನ್ನಾಗೂ ಬಾಗ್ಲು ಕೂರುಸ್ದ್ಯಾ" ಎಂದಳು. ಬಸ್ಸಿನ ಮಾತಿಗೂ ನಕ್ಕಳು. ಕೊನೆಯದಕ್ಕೆ ನಗಲಿಲ್ಲ.

"ನನ್ ಜತೆ ಏಗೋದು ಕಷ್ಟ ಅನ್ನೋದು ನಿಜಾನಾ?"

"ಇಲ್ಲ."

"ಮತ್ಯಾಕೆ?"

"ಹತ್ತಕ್ಕೆ ಮೂರು ಕೊಟ್ಟಿದ್ದಲ್ಲ."

"ಮೂರೂ ಜಾಸ್ತಿ ಆಗಿತ್ತು ಬುಡು" ಎಂದಳು. ಬ್ಯಾಗು ತೆಗೆದುಕೊಂಡು, ಮಾವನಿಗೆ ಮಾತ್ರ ಹೋಗಿ ಬರುತ್ತೇನೆ ಎಂದು ಹೇಳಿ ಹೋದಳು. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ.

ಒಂದು ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ನಾರಿನ ಕಾರ್ಖಾನೆಯವರು. ಅವಳು ಮತ್ತೆ ನನ್ನ ನಂಬರನ್ನೇ ಕೊಟ್ಟಿದ್ದಳು. ಕಾಲೇಜಿನ ಮೇಡಮ್ಮಂದಿರ ನಂಬರು ಕೊಡಬಹುದಿತ್ತು, ಕೊಟ್ಟಿರಲಿಲ್ಲ.

ಕೈಗಳು ತಾವಾಗಿಯೇ ಮುಗಿಯಲು ಹೊರಟವು. ಒಂದರಿಂದ ಬಾಗಿಲಿನ ಚೌಕಟ್ಟು ಹಿಡಿದುಕೊಂಡೆ.

"ಚೆನ್ನಾಗಿ ಕೆಲ್ಸ ಮಾಡ್ತಾಳೆ ಸಾ" ಎಂದೆ. ಆ ಮಾತು ನನಗೇ ಬೇರೆ ಯಾರದೋ ಹಾಗೆ ಕೇಳಿಸಿತು. ನಾನು ಇನ್ನೇನಾದರೂ ಹೇಳುತ್ತೇನೆ ಎಂದು ಆ ಕಡೆಯವರು ಕಾದರು. "ನಮ್ಮಲ್ಲಿ ಒಬ್ರು ವಯಸ್ಸಾದೋರು ಅವ್ರೆ. ಅವ್ರಿಗೆ ಒಂದು ಕಿವಿ ಕೇಳಲ್ಲ ಅಂತ ಇಷ್ಟು ವರ್ಷ ಜತೇಲಿದ್ದ ನಂಗೇ ಗೊತ್ತಾಗಿರ್ನಿಲ್ಲ. ಬಯ್ಕಂಡು ಕೂತಿದ್ದೆ. ಅವ್ಳು ಒಂದು ಮಧ್ಯಾಹ್ನ ಕೂತು ಕಂಡಿಡುದ್ಲು, ಜಾಗ ಬದ್ಲಾಯಿಸುದ್ಲು. ತಪ್ಪು ಹುಡುಕ್ತಾಳೆ ಸಾ. ಮೊದ್ಲು ಯಜಮಾನುಂದು ಹುಡುಕ್ತಾಳೆ. ಅದ್ಕೆ ನೀವು ರೆಡಿ ಇದ್ರೆ ಅವ್ಳನ್ನ ಬುಡ್ಬೇಡಿ."

ಆ ಕಡೆಯವರು ನಕ್ಕ ಹಾಗಾಯಿತು. ಫೋನು ಇಟ್ಟ ಮೇಲೆ ಹೊಳೆಯಿತು. ನಮ್ಮದನ್ನು ನಾನೇ, ಅದೂ ಗಟ್ಟಿಯಾಗಿ, ಹೊಗಳಿಬಿಟ್ಟಿದ್ದೆ. ಅವಳಿಗೆ ಬೊಟ್ಟಿಡೋಣವೆಂದರೆ ಅವಳು ಬಾಬುರಾಯನಕೊಪ್ಪಲಿನಲ್ಲಿ. ಕೊನೆಗೆ ಅಂಟು ಕಾಯಿಸುವ ಒಲೆಯ ಮಸಿಯನ್ನು ಬೆರಳಿಗೆ ಹಚ್ಚಿಕೊಂಡು ಫೋನಿನ ಬೆನ್ನಿಗೇ ಒಂದು ಬೊಟ್ಟಿಟ್ಟೆ.

"ಅದೇನ್ಲಾ ಅದು?" ಎಂದರು ಮಾವ.

"ಏನಿಲ್ಲ ಸುಮ್ಕಿರು ಮಾವ."

ಅವಳು ಈಗ ಕೆ.ಆರ್. ಪೇಟೆಗೆ ಹೋಗಿ ಬರುತ್ತಿದ್ದಾಳೆ. ಶನಿವಾರಗಳೂ ಮತ್ತೆ ಶುರುವಾಗಿವೆ, ಆದರೆ ಮೊದಲಿನ ಸಲಿಗೆ ಪೂರ್ತಿ ಬಂದಿಲ್ಲ. ಕೆಲವು ಸಲ ಏನೋ ಹೇಳಲು ಹೊರಟು ನನ್ನನ್ನು ನೋಡಿ ನಿಲ್ಲಿಸುತ್ತಾಳೆ. ಆ ಫೋನಿನ ನಂತರ ಮೊದಲ ಸಲ ಬಂದಾಗ ಯಾರ ಹತ್ತಿರವೋ ಮಾತಾಡಬೇಕೆಂದು ನನ್ನ ಫೋನು ತೆಗೆದುಕೊಂಡಳು. ಬೆರಳಿಗೆ ಮಸಿ ಅಂಟಿತು. ತಿರುಗಿಸಿ ಬೊಟ್ಟು ನೋಡಿದಳು. ಅಂಟಿದ ಮಸಿಯನ್ನು ನನ್ನ ಅಂಗಿಯ ತೋಳಿಗೇ ಒರೆಸಿ, "ನಾಲ್ಕು" ಎಂದಳು.