ಯಾರು ಯಾರನ್ನು ಎಳೆದದ್ದು

ಆ ಭಾನುವಾರ ಮುಂಬೈಯ ಬೊರಿವಲಿಯಲ್ಲಿರುವ ಅಕ್ಕನ ಮನೆಯಲ್ಲಿ ದಿವಾನನ್ನು ಅಡುಗೆಮನೆಯ ಬಾಗಿಲಿಗೆ ತಳ್ಳಿದವನು ನಾನೇ. ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ಮರುದಿನ ಸೊಂಟ ನೋಯುತ್ತಿತ್ತು. ಟಿವಿಯ ಮೇಲೆ ಕೂರಿಸಿದ್ದ ಪುಟ್ಟ ಕ್ಯಾಮೆರಾಗೆ ಆಡುವವರಿಬ್ಬರೂ ನೆತ್ತಿಯಿಂದ ಪಾದದವರೆಗೆ ಕಾಣಬೇಕಿತ್ತು. ದಿವಾನು ಸರಿಸಿ, ಬೆನ್ನು ಮುಂಬಾಗಿಲಿಗೆ ತಾಗುವಷ್ಟು ಹಿಂದೆ ಹೋದಮೇಲೆ ಹೇಗೋ ಜಾಗ ಸಾಕಾಯಿತು.

ಆಟ ಅಕ್ಕನ ಮಗಳದು. ಕೈಯಲ್ಲಿ ಏನನ್ನೂ ಹಿಡಿಯುವಂತಿಲ್ಲ, ಮೈಯೇ ಆಟದ ಸಾಧನ. ಪರದೆಯ ಮೇಲೆ ಒಂದು ಗೋಡೆ ನಮ್ಮತ್ತ ನುಗ್ಗಿ ಬರುತ್ತದೆ. ಅದರಲ್ಲಿ ಇಬ್ಬರು ಮನುಷ್ಯರ ಆಕಾರದ ತೂತುಗಳಿರುತ್ತವೆ. ಗೋಡೆ ಬಡಿಯುವುದರೊಳಗೆ ನಮ್ಮ ನೆರಳುಗಳು ಆ ಆಕಾರಕ್ಕೆ ಬಗ್ಗಿ ತೂತಿನೊಳಗೆ ಕೂಡಬೇಕು. ಕೂಡಿದವರಿಗೆ ಅಂಕ, ಇಲ್ಲದವರಿಗೆ ನೀರಿಗೆ ಬಿದ್ದ ಸದ್ದು.

ನಾವು ಆಡಿದ್ದು ಮಾತ್ರ ಅಂಕಕ್ಕಲ್ಲ, ಒಂದು ಹಳೆಯ ಕಥೆಗೆ.

ನನಗೆ ಒಂಬತ್ತು, ಅಕ್ಕನಿಗೆ ಹನ್ನೆರಡು ವರ್ಷವಿದ್ದಾಗ ಘಾಟ್ಕೋಪರ್‌ನಲ್ಲಿ ಲೋಕಲ್ ರೈಲು ಹತ್ತುವಾಗ ಗಾಡಿ ಹೊರಟುಬಿಟ್ಟಿತ್ತು. ನಾನು ಮೊದಲು ಹಾರಿ ಒಳಗೆ ಹೋಗಿ ಅಕ್ಕನ ಕೈ ಹಿಡಿದು ಎಳೆದುಕೊಂಡೆ. ಅಥವಾ ಹಾಗೆಂದು ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಅಕ್ಕ ಹೇಳುವುದು ತಿರುವುಮುರುವು: ಹಾರಿದವಳು ಅವಳು, ಎಳೆಸಿಕೊಂಡವನು ನಾನು. ಮೊದಲೇ ಹತ್ತಿದ್ದ ಅಮ್ಮ ಒಳಗೆ ಗದ್ದಲದಲ್ಲಿ ಬೆನ್ನು ತಿರುಗಿಸಿ ಸಿಕ್ಕಿಕೊಂಡಿದ್ದಳು. ಅವಳಿಗೆ ನೆನಪಿದ್ದದ್ದು ಒಂದೇ, ಮನೆಗೆ ಬಂದು ನನ್ನ ಅಂಗಿಯ ತೋಳು ಹೊಲಿದದ್ದು. ಅದು ಗದ್ದಲದಲ್ಲಿ ಹರಿದಿತ್ತೆಂದು ನನ್ನ ವಾದ. ಪವಾಯಿಯ ಐಐಟಿಯಲ್ಲಿ ಓದಿ, ಅಳೆಯದೆ ಏನನ್ನೂ ಒಪ್ಪಬಾರದೆಂದು ಕಲಿತ ಮೇಲೂ, ಒಂಬತ್ತರ ಹುಡುಗ ಹನ್ನೆರಡರ ಹುಡುಗಿಯನ್ನು ಹೇಗೆ ಎಳೆದ ಎಂದು ಮಾತ್ರ ನಾನು ಅಳೆದಿರಲಿಲ್ಲ.

ಅಂದು ಊಟದ ಹೊತ್ತಿಗೆ, ಅಮ್ಮನೂ ಜೊತೆಗಿದ್ದಾಗ, ಮತ್ತೆ ಅದೇ ಕಥೆ ತೆಗೆದೆ. ಅಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಏ ಪ್ರೊಫೆಸರ್, ಸಾಕ್ ಮಾಡು. ಆಟಾ ಆಡೂನು. ಸೋತವರು ಈ ಕಥಿ ಮತ್ತ ಬಾಯಾಗ ತೆಗೀಬಾರ್ದು. ಗೆದ್ದವರ್ದು ಖರೆ."

"ಆಟ ಗೆದ್ದರೆ ಸತ್ಯ ಆಗುತ್ತದೇನು?"

"ಯಾಕ, ಅಂಜಿಕಿ ಬಂತೇನ?"

ಸತ್ಯವನ್ನು ಪಣಕ್ಕಿಡುವುದು ಅಸಂಬದ್ಧವೆಂದು ನನಗೆ ಗೊತ್ತಿತ್ತು. ಆದರೂ ಅಂಗಿಯ ತೋಳು ಮಡಚುತ್ತ ಎದ್ದೆ.

ಮೊದಲಿಗೆ ಕ್ಯಾಮೆರಾ ಅಕ್ಕನನ್ನು ಮನುಷ್ಯಳೆಂದೇ ಒಪ್ಪಲಿಲ್ಲ. ಇಪ್ಪತ್ತು ವರ್ಷ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಓಡಾಡಿದವಳು, ಮನೆಯಲ್ಲೂ ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿಕೊಂಡು, ಇಲ್ಲದ ಬ್ಯಾಗನ್ನು ಹೊಟ್ಟೆಗೆ ಅವಚಿಕೊಂಡು ನಿಲ್ಲುತ್ತಾಳೆ.

"ಮಮ್ಮಿ, ಹಾಥ್ ಖೋಲೋ! ಕ್ಯಾಮೆರಾಗೆ ನೀನು ಖಂಬಾ ಥರ ಕಾಣ್ತೀ," ಮಗಳು ಕೂಗಿದಳು.

ಅಕ್ಕ ನಾಚಿಕೊಂಡು ಕೈ ಚಾಚಿದಳು. ಪರದೆಯ ಮೇಲೆ ಅವಳ ನೆರಳು ಮೂಡಿತು. ಗೋಡೆ ಬಂತು. ಆಮೇಲೆ ನೋಡಬೇಕಿತ್ತು! ಎಂಥ ಸಂದು ಬಂದರೂ ಸೈ, ಭುಜ ಓರೆ ಮಾಡಿ, ಹೊಟ್ಟೆ ಒಳಗೆಳೆದು, ಒಂದು ಕಾಲೆತ್ತಿ ನುಸುಳಿಬಿಡುತ್ತಿದ್ದಳು. ನಾನು ಬೆವರಿ, ಬಗ್ಗಿ, ಬಾಗಿಲ ಚಿಲಕಕ್ಕೆ ಮೊಣಕೈ ಬಡಿಸಿಕೊಂಡು ಅವಳ ಸಮಕ್ಕೆ ಬಂದೆ. ಅಮ್ಮ ದಿವಾನಿನ ಮೇಲೆ ನಿಂತು, "ಬಗ್ಗಲೇ! ಇನ್ನೂ ಬಗ್ಗು!" ಎಂದು ಯಾರಿಗೋ ಕೂಗುತ್ತಿದ್ದಳು.

ಕೊನೆಯ ಗೋಡೆಗೆ ಇಬ್ಬರ ಅಂಕವೂ ಒಂದೇ. ನನ್ನ ತೂತು ನಾನು ನಿಂತದ್ದಕ್ಕಿಂತ ಬಲಕ್ಕೆ, ಅಕ್ಕನ ಪಕ್ಕಕ್ಕೇ ಇತ್ತು. ಗೋಡೆ ನುಗ್ಗಿತು. ನಾನು ಚಂಗನೆ ಬಲಕ್ಕೆ ಹಾರಿ ಒಳಗೆ ಕೂಡಿಬಿಟ್ಟೆ. ನೀರಿನ ಸದ್ದು. ಬಿದ್ದವಳು ಅಕ್ಕ!

"ಗೆದ್ದೆ! ನೋಡಿದಿರಾ ಹೇಗೆ ಹಾರಿದೆ!"

ಈ ಆಟಕ್ಕೆ ಒಂದು ಚಾಳಿಯಿದೆ. ನಡುನಡುವೆ ತಾನೇ ಫೋಟೋ ತೆಗೆದು ಕೊನೆಗೆ ಒಂದೊಂದಾಗಿ ತೋರಿಸುತ್ತದೆ. ಕೊನೆಯ ಫೋಟೋ ಬಂದಾಗ ಮಗಳು ಅದನ್ನು ಅಲ್ಲೇ ನಿಲ್ಲಿಸಿದಳು.

"ಮಾಮಾ, ನೀವು ಎಲ್ಲಿ ಹಾರಿದ್ರಿ?"

ಫೋಟೋದಲ್ಲಿ ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಎರಡೂ ಪಾದ ನೆಲದ ಮೇಲಿದ್ದವು. ಅಕ್ಕನ ಕೈ ಅವಳ ತೂತಿನ ಗೆರೆ ದಾಟಿ ಬಂದು ನನ್ನ ಬಲತೋಳಿನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿತ್ತು. ತಳ್ಳಿರಬಹುದೇ ಎಂದು ಹತ್ತಿರ ಹೋಗಿ ನೋಡಿದೆ. ಇಲ್ಲ, ಭುಜದ ಹೊಲಿಗೆ ಅವಳ ಕಡೆಗೇ ಬಿಗಿದಿತ್ತು. ಹೊರಗೆ ಚಾಚಿದ ಆ ಕೈಯಿಂದಲೇ ಅವಳು ಸೋತಿದ್ದಳು.

ಎರಡು ನಿಮಿಷದ ಹಿಂದಿನ ಹಾರಾಟವನ್ನೇ ಪೂರ್ತಿ ಹುಟ್ಟಿಸಿಕೊಂಡಿದ್ದ ತಲೆ ಇದು. ಮೂವತ್ತು ವರ್ಷದ ಹಿಂದಿನದಕ್ಕೆ ಇದನ್ನು ಸಾಕ್ಷಿಗೆ ಕರೆಯುವುದೇ?

"ಯಾಕೆ ಎಳೆದೆ? ಗೆಲ್ಲುತ್ತಿದ್ದೆಯಲ್ಲ," ಎಂದೆ.

"ನಂಗೇನ್ ಗೊತ್ತು? ಗಾಡಿ ಬಾಗಲಾ ಬಿಟ್ಟು ಹೊರಗ ಯಾರರ ನಿಂತ್ರ ಕೈ ತಾನ ಹೋಗ್ತದ."

ಅಮ್ಮ ದಿವಾನಿನಿಂದ ಇಳಿದು ಫೋಟೋದ ಮುಂದೆ ನಿಂತಳು. "ಅವತ್ತ ನಾ ಹೊಲದದ್ದೂ ಬಲತೋಳ ನೋಡು," ಎಂದಳು. ಆಮೇಲೆ ನನ್ನತ್ತ ತಿರುಗಿದಳು. "ಗೆದ್ದೀಯಲ್ಲಪಾ. ಹೇಳು ನಿನ್ನ ಕಥಿ."

ಒಂದು ಫೋಟೋದಿಂದ ಹಳೆಯದೇನೂ ಸಾಬೀತಾಗುವುದಿಲ್ಲ. ಅಮ್ಮನ ಬಲತೋಳಿನ ನೆನಪೂ ಆ ಕ್ಷಣ ಹುಟ್ಟಿದ್ದಿರಬಹುದು. ಇದನ್ನೆಲ್ಲ ಹೇಳಬೇಕೆಂದುಕೊಂಡೆ. ಆದರೆ ಕಥೆ ಈಗ ನನ್ನದು, ಹೇಗೆ ಬೇಕಾದರೂ ಹೇಳಬಹುದಿತ್ತು.

"ಗಾಡಿ ಹೊರಟಿತ್ತು," ಎಂದು ಶುರುಮಾಡಿದೆ. "ಅಕ್ಕ ಒಳಗಿದ್ದಳು. ನಾನು ಪ್ಲಾಟ್‌ಫಾರ್ಮಿನ ಮೇಲೆ ಬಾಯಿ ತೆರೆದುಕೊಂಡು ನಿಂತಿದ್ದೆ."

ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕ್ಯಾಮೆರಾದ ಮುಂದೆ ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ನಿಂತಳು.

"ಬಾ, ಇನ್ನೊಂದ್ ಆಟಾ. ಈ ಸಲ ನೀ ನೀರಾಗ ಬಿದ್ರೂ ನಾ ಮುಟ್ಟಂಗಿಲ್ಲ."